ಮುನಿದ ಮತದಾರನ ಲೆಕ್ಕ

ಈ ಸಂಚಿಕೆಯ ಸಂಪಾದಕೀಯ ಚುನಾವಣೆಗಳನ್ನು ಕುರಿತೇ ಇರಲಿ ಎಂದು ಸಂಪಾದಕ ಮಂಡಳಿಯ ಗೆಳೆಯರು ಒತ್ತಾಯಪಡಿಸಿದಾಗ ನನಗೆ ಮೊದಲು ನೆನಪಾದದ್ದು 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ ಐದನೆಯ ನಿಯಮ. ಸರಕಾರಿ ನೌಕರನು ಯಾವ ರಾಜಕೀಯ ಪಕ್ಷದ ಸದಸ್ಯನೂ ಆಗಿರಕೂಡದು. ಮತ ಚಲಾಯಿಸುವ ಹಕ್ಕು ಅವನಿಗುಂಟು, ಆದರೆ ಯಾರಿಗೆ ಹಾಕುವೆನೆಂಬುದರ, ಯಾರಿಗೆ ಹಾಕಿದೆನೆಂಬುದರ ಸುಳಿವನ್ನು ಅವನು ಕೊಡಕೂಡದು. ಮೂರು ದಶಕಗಳಿಗೂ ಮಿಕ್ಕಿ ಲೆಕ್ಕಪತ್ರಗಳ ನಡುವೆ ಕಳೆದಿರುವ ನನಗೆ ಈ ಮೌನ ಮೈಗೂಡಿಹೋಗಿದೆ. ಮನೆಯಲ್ಲಿಯೂ ಬಾಯಿ ಬಿಟ್ಟಿಲ್ಲ. ಹೆಂಡತಿ ತಾನಾಗಿಯೇ ಊಹಿಸಿಕೊಂಡಿದ್ದಾಳೆ, ಅದು ಬೇರೆಯ ಮಾತು. ಆದ್ದರಿಂದ ನನ್ನ ಪಕ್ಷ ಯಾವುದೆಂದು ಓದುಗರು ಈ ಸಾಲುಗಳ ನಡುವೆ ಹುಡುಕಬಾರದಾಗಿ ವಿನಂತಿ. ನಾನು ಬರೆಯಹೊರಟಿರುವುದು, ಬಹುಕಾಲ ಒಂದೇ ಪಕ್ಷವನ್ನು ನಂಬಿ, ಕೊನೆಗೊಂದು ದಿನ ಆ ಪಕ್ಷದ ಮೇಲೆಯೇ ಮುನಿದುಕೊಂಡ ಮತದಾರರನ್ನು ಕುರಿತು. ಅಂಥವರು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಆ ಮಟ್ಟಿಗೆ ಐದನೆಯ ನಿಯಮಕ್ಕೆ ಭಂಗವಿಲ್ಲವೆಂದು ಭಾವಿಸಿದ್ದೇನೆ.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿದ್ದಾರೆ. ಹೆಸರು ಬೇಡ, ರಾಯರು ಎಂದರೆ ಸಾಕು. ಧಾರವಾಡದ ಕಡೆಯವರು, ಬ್ಯಾಂಕಿನ ನೌಕರಿಯಿಂದ ನಿವೃತ್ತರಾಗಿ ಶನಿವಾರ ಪೇಠೆಯ ಹಳೆಯ ವಾಡೆಯೊಂದರಲ್ಲಿ ವಾಸವಾಗಿದ್ದವರು. ಕಸಬಾ ಪೇಠೆ ವಿಧಾನಸಭಾ ಕ್ಷೇತ್ರದ ಮತದಾರರು. ಭಾರತೀಯ ಜನತಾ ಪಕ್ಷದ ಕಟ್ಟಾ ಬೆಂಬಲಿಗರು. ಅವರಿಗೆ ನಡತೆ ನಿಯಮಗಳ ಕಾಟವಿಲ್ಲವಾದ್ದರಿಂದ ಇದನ್ನು ಅವರೇ ಸಂಘದ ಅಂಗಳದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. 2023ರ ಫೆಬ್ರುವರಿಯಲ್ಲಿ ಅಲ್ಲಿ ಉಪಚುನಾವಣೆ ಬಂದಾಗ ಅವರು ನನ್ನ ಬಳಿ ಕುಳಿತು ಆಡಿದ ಮಾತು ಹೀಗಿತ್ತು: "ಮೂವತ್ತು ವರ್ಷ ಒಂದ ಗುರ್ತಿಗೆ ಹಾಕೀನ್ರಿ ಸಾಹೇಬ್ರ. ಈ ಸಲ ಕೈ ಏಳವಲ್ದು. ಆ ಹೆಣ್ಮಗಳು ಆಂಬುಲೆನ್ಸಿನ್ಯಾಗ ಮುಂಬೈತನಕಾ ಹೋಗಿ ಪಕ್ಷಕ್ಕ ಮತಾ ಹಾಕಿ ಬಂದ್ಲು. ಆಕಿ ಹೋದ ಮ್ಯಾಲ ಆ ಮನೀ ಮಂದಿನ್ನ ಹಿಂಗ ಬದಿಗೆ ಸರಸೋದು ಸರೀ ಏನ್ರಿ?"

ಹೆಣ್ಣುಮಗಳು ಎಂದರೆ ಶಾಸಕಿ ಮುಕ್ತಾ ತಿಲಕ್. ಲೋಕಮಾನ್ಯರ ಮನೆತನದ ಸೊಸೆ, ಪುಣೆಯ ಮಾಜಿ ಮಹಾಪೌರರು. 2022ರ ಜೂನ್ ತಿಂಗಳಲ್ಲಿ ರಾಜ್ಯಸಭೆ ಮತ್ತು ವಿಧಾನಪರಿಷತ್ತಿನ ಚುನಾವಣೆಗಳಿಗೆ ಒಂದೊಂದು ಮತವೂ ಬೇಕಾಗಿದ್ದಾಗ, ತೀವ್ರ ಕಾಯಿಲೆಯಿಂದ ಬಳಲುತ್ತಿದ್ದ ಅವರು ಪುಣೆಯಿಂದ ಆಂಬುಲೆನ್ಸಿನಲ್ಲಿ ಪ್ರಯಾಣ ಮಾಡಿ ಮತ ಹಾಕಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಉಪಚುನಾವಣೆಯಲ್ಲಿ ಅವರ ಕುಟುಂಬದವರಿಗೆ ಪಕ್ಷದ ಟಿಕೆಟು ಸಿಗಲಿಲ್ಲ. ಹೇಮಂತ ರಾಸನೆಯವರಿಗೆ ಸಿಕ್ಕಿತು. ಅದೇ ದಿನ ಮತದಾನವಿದ್ದ ನೆರೆಯ ಚಿಂಚವಡದಲ್ಲಾದರೋ ದಿವಂಗತ ಶಾಸಕರ ಪತ್ನಿಗೇ ಟಿಕೆಟು ದೊರೆಯಿತು. ಕಸಬೆಯ ಜನ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಇದರ ಮೇಲೆ, ಅಲ್ಲಿಂದ ಐದು ಸಲ ಶಾಸಕರಾಗಿ ನಂತರ ಸಂಸದರಾಗಿದ್ದ ಗಿರೀಶ್ ಬಾಪಟರು ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು, ಗಾಲಿಕುರ್ಚಿಯಲ್ಲಿ ಕುಳಿತು ಪ್ರಚಾರ ಸಭೆಗೆ ಬಂದದ್ದನ್ನೂ ಕಂಡರು. ಮಾರ್ಚ್ 2ರಂದು ಮತ ಎಣಿಕೆಯಾದಾಗ, 1995ರಿಂದ ಒಂದೇ ಪಕ್ಷದ ಕೈಯಲ್ಲಿದ್ದ ಆ ಕ್ಷೇತ್ರವನ್ನು ಕಾಂಗ್ರೆಸ್ಸಿನ ರವೀಂದ್ರ ಧಂಗೇಕರರು ಹತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದರು.

ತೀರಿಕೊಂಡವರ ಮನೆಯವರಿಗೇ ಟಿಕೆಟು ಸಲ್ಲಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಶಾಸನಸಭೆಯ ಸ್ಥಾನ ವಂಶಪಾರಂಪರ್ಯದ ಉತಾರೆಯಲ್ಲ. ಕಸಬೆಯ ಫಲಿತಾಂಶಕ್ಕೆ ಬೇರೆ ಕಾರಣಗಳೂ ಇದ್ದವು: ವಿರೋಧ ಪಕ್ಷಗಳು ಒಟ್ಟಾಗಿ ಒಬ್ಬ ಅಭ್ಯರ್ಥಿಯನ್ನು ನಿಲ್ಲಿಸಿದ್ದವು, ಆತ ಪೇಠೆಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ ಜನರಿಗೆ ಪರಿಚಿತನಾಗಿದ್ದವನು. ಆದರೆ ರಾಯರ ನೋವು ಟಿಕೆಟಿನದಾಗಿರಲಿಲ್ಲ. ಕಾಯಿಲೆಯ ಮನುಷ್ಯರನ್ನು ಪಕ್ಷ ನಡೆಸಿಕೊಂಡ ರೀತಿ ಅವರಿಗೆ ಹಿಡಿಸಿರಲಿಲ್ಲ. ಅವರ ಮಾತು ಕೇಳುತ್ತಿದ್ದಂತೆ ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ, ಇಲ್ಲಿಂದ ನೂರಾರು ಮೈಲು ದೂರದ ಊರಿನಲ್ಲಿ, ಬೇರೊಂದು ಪಕ್ಷದ ಬಗ್ಗೆ ಕೇಳಿದ ಇನ್ನೊಂದು ಮಾತು ನನ್ನ ಕಿವಿಯಲ್ಲಿ ಮರುದನಿಗೊಟ್ಟಿತು.

ನಮ್ಮ ಊರು ಕಲಬುರ್ಗಿ ಜಿಲ್ಲೆಯ ಭೀಮಾ ದಂಡೆಯದು. ಪುಣೆಯ ಮುಳಾ-ಮುಠಾ ನದಿಗಳ ನೀರು ಕೊನೆಗೆ ನಮ್ಮ ಊರ ಮುಂದೆಯೇ ಹಾಯುತ್ತದೆ. ಹಾಗಾಗಿ ಇಲ್ಲಿಗೆ ವರ್ಗವಾಗಿ ಬಂದಾಗ ನಾನು ತೀರ ಪರದೇಶಕ್ಕೆ ಬಂದಂತೆ ಅನ್ನಿಸಿರಲಿಲ್ಲ. ನನ್ನ ಕಾಕಾ ಖಾದಿಯ ಕಾಲದ ಕಾಂಗ್ರೆಸ್ಸಿಗರು. ಪಕ್ಷ ಒಡೆದು ಗುರುತು ಬದಲಾದಾಗಲೂ, ತುರ್ತುಪರಿಸ್ಥಿತಿಯ ನಂತರ ಊರಿನ ಅರ್ಧ ಜನ ಬೈದಾಗಲೂ ಅವರು ಅಲುಗಿರಲಿಲ್ಲ. 1989ರಲ್ಲಿ ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿದು, ನಾನು ಮೊದಲ ಸಲ ಮತ ಹಾಕಿದ ಆ ಚುನಾವಣೆಯಲ್ಲಿ ಕಾಂಗ್ರೆಸ್ಸು ಕರ್ನಾಟಕದ 224 ಸ್ಥಾನಗಳಲ್ಲಿ 178ನ್ನು ಗೆದ್ದಿತು. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡನೆಯ ಸಲ ಮುಖ್ಯಮಂತ್ರಿಗಳಾದರು. ಕಾಕಾ ಊರಿಗೆಲ್ಲ ಪೇಢೆ ಹಂಚಿದ್ದರು.

ಒಂದು ವರ್ಷವೂ ತುಂಬಲಿಲ್ಲ. ಪಾಟೀಲರು ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದಿದ್ದರು. ರಾಮನಗರ, ಚನ್ನಪಟ್ಟಣಗಳಲ್ಲಿ ಕೋಮು ಗಲಭೆಗಳು ನಡೆದಿದ್ದವು. 1990ರ ಅಕ್ಟೋಬರಿನಲ್ಲಿ ರಾಜ್ಯಕ್ಕೆ ಬಂದ ರಾಜೀವ್ ಗಾಂಧಿಯವರು ದಿಲ್ಲಿಗೆ ಮರಳುವ ಮುನ್ನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮುಖ್ಯಮಂತ್ರಿಯ ಬದಲಾವಣೆಯನ್ನು ಪತ್ರಕರ್ತರಿಗೆ ಹೇಳಿ ಹೋದರು. ಕೆಲವು ದಿನ ರಾಷ್ಟ್ರಪತಿ ಆಳ್ವಿಕೆ, ಬಳಿಕ ಬಂಗಾರಪ್ಪನವರು, 1992ರಲ್ಲಿ ಮೊಯ್ಲಿಯವರು. ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಪಡಸಾಲೆಯಲ್ಲಿ ಸುಮ್ಮನೆ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ಹೇಳಿದರು: "ತಮ್ಮಾ, ಮುಖ್ಯಮಂತ್ರಿನ್ನ ತಗೀಲಿ, ಅದು ಅವರ ದರಕಾರು. ಆದ್ರ ಬ್ಯಾನಿ ಬಿದ್ದು ಮಲಗಿದ ಮನಷ್ಯಾನ ಹಾಸಿಗಿ ಯಾರರ ಕಸಗೋತಾರೇನು?"

1994ರ ಕೊನೆಯ ಚುನಾವಣೆಯಲ್ಲಿ ಕಾಕಾ ಜನತಾದಳದ ಚಕ್ರದ ಗುರುತಿಗೆ ಮುದ್ರೆ ಒತ್ತಿದರು. ಆಗ ಕಾಗದದ ಮತಪತ್ರ. ಮುದ್ರೆ ಒತ್ತುವಾಗ ಕೈ ನಡುಗಿ ಶಾಯಿ ಪಕ್ಕಕ್ಕೆ ಚದುರಿತೆಂದೂ, ತಮ್ಮ ಮತ ಎಲ್ಲಿ ರದ್ದಾಯಿತೋ ಎಂದೂ ಅವರು ವರ್ಷಗಟ್ಟಲೆ ಪೇಚಾಡಿಕೊಂಡರು. ಕಾಂಗ್ರೆಸ್ಸು 178ರಿಂದ 34ಕ್ಕೆ ಇಳಿಯಿತು. ಜನತಾದಳಕ್ಕೆ 115. ಈ ಕುಸಿತಕ್ಕೂ ನೂರೆಂಟು ಕಾರಣಗಳನ್ನು ಕೊಡಬಹುದು: ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು, ಬಂಗಾರಪ್ಪನವರು ಕಟ್ಟಿದ ಬೇರೆ ಪಕ್ಷ, ಹೆಗಡೆ ಮತ್ತು ದೇವೇಗೌಡರ ತಾತ್ಕಾಲಿಕ ಒಗ್ಗಟ್ಟು. ಇದನ್ನು ಕೇವಲ ಜಾತಿಯ ಸಿಟ್ಟೆಂದು ತೀರ್ಮಾನಿಸಿದವರೂ ಬಹಳ ಮಂದಿ. ಜಾತಿಯ ಅಂಶವಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಇದೇ ಪಾಟೀಲರು 1978ರಲ್ಲಿ ಜನತಾ ಪಕ್ಷದಿಂದ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತಾಗ ಕಾಕಾ ಅವರನ್ನು ವಾಚಾಮಗೋಚರವಾಗಿ ಬೈದಿದ್ದರು. ಜಾತಿಯೊಂದೇ ಕಾರಣವಾಗಿದ್ದರೆ ಆಗ ಬೈಯುತ್ತಿರಲಿಲ್ಲ.

ಪಕ್ಷದ ಧೋರಣೆ ಬದಲಾದರೆ ಹಳೆಯ ಮತದಾರ ಅದಕ್ಕೊಂದು ಸಮಾಧಾನ ಹುಡುಕಿಕೊಳ್ಳುತ್ತಾನೆ. ಸಮಾಜವಾದ ಹೋಗಿ ಉದಾರೀಕರಣ ಬಂದರೂ, ನಿನ್ನೆಯ ಶತ್ರು ಇಂದಿನ ಮಿತ್ರನಾದರೂ "ಏನೋ ಲೆಕ್ಕಾಚಾರ ಇದ್ದೀತು" ಎಂದುಕೊಳ್ಳುತ್ತಾನೆ. ಮನೆಯ ಹಿರಿಯರನ್ನು, ರೋಗಿಯನ್ನು, ಸತ್ತವರ ಮನೆಯವರನ್ನು ಪಕ್ಷ ಒರಟಾಗಿ ಕಂಡಿತೆಂದು ಅನ್ನಿಸಿದಾಗ ಮಾತ್ರ ಆ ಸಮಾಧಾನ ಸಿಗುವುದಿಲ್ಲ. ರಾಯರೂ ಕಾಕಾನೂ ಪರಸ್ಪರ ಕಂಡವರಲ್ಲ. ಕಂಡಿದ್ದರೆ ಮೊದಲ ಅರ್ಧ ಗಂಟೆ ಜಗಳವಾಡುತ್ತಿದ್ದರು.

ನಾಯಕರು ಇದನ್ನು ತಮ್ಮದೇ ಮುನಿಸಿನೊಡನೆ ಬೆರೆಸಿ ತಪ್ಪು ಎಣಿಕೆ ಹಾಕುವುದುಂಟು. ಶಿವಮೊಗ್ಗೆಯ ಮತದಾರರು ಬಂಗಾರಪ್ಪನವರನ್ನು 1996, 1999, 2004 ಮತ್ತು 2005ರಲ್ಲಿ ನಾಲ್ಕು ಬೇರೆ ಬೇರೆ ಪಕ್ಷಗಳಿಂದ ಲೋಕಸಭೆಗೆ ಕಳಿಸಿದರು, ನಿಜ. ಆದರೆ 1998ರಲ್ಲಿ ನಮ್ಮ ಪುಣೆಯಲ್ಲಿ ಏನಾಯಿತು? ನಾವು ಕನ್ನಡಿಗರು ನಮ್ಮವರೆಂದು ಹೇಳಿಕೊಳ್ಳುತ್ತಿದ್ದ ಸುರೇಶ್ ಕಲ್ಮಾಡಿಯವರು ಕಾಂಗ್ರೆಸ್ಸಿನಿಂದ ಹೊರಬಂದು, ಭಾಜಪ-ಶಿವಸೇನೆಗಳ ಬೆಂಬಲದಿಂದ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್ಸಿನ ವಿಠ್ಠಲ ತುಪೆಯವರ ಎದುರು ಸೋತರು. 2023ರಲ್ಲಿ ಜಗದೀಶ ಶೆಟ್ಟರರು ಮುನಿಸಿಕೊಂಡು ಕಾಂಗ್ರೆಸ್ಸಿಗೆ ಹೋದಾಗಲೂ ಹುಬ್ಬಳ್ಳಿಯ ಅವರ ಹಳೆಯ ಮತದಾರರಲ್ಲಿ ಹೆಚ್ಚಿನವರು ಜೊತೆಗೆ ಹೋಗಲಿಲ್ಲ; ಮರುವರ್ಷ ಅವರೇ ಹಿಂದಿರುಗಿದರು. ಹೊಸಕೋಟೆಯ ಕಥೆ ಇದಕ್ಕೆ ವಿರುದ್ಧ. 2018ರಲ್ಲಿ ಅಲ್ಲಿ ಭಾಜಪ ಅಭ್ಯರ್ಥಿಯಾಗಿ ಶರತ್ ಬಚ್ಚೇಗೌಡರು ಕಾಂಗ್ರೆಸ್ಸಿನ ಎಂ.ಟಿ.ಬಿ. ನಾಗರಾಜರ ಎದುರು ಸೋತಿದ್ದರು. 2019ರಲ್ಲಿ ಅದೇ ನಾಗರಾಜರು ಪಕ್ಷಾಂತರ ಮಾಡಿ ಭಾಜಪದ ಟಿಕೆಟು ಪಡೆದು ಬಂದಾಗ, ನಿನ್ನೆಯವರೆಗೆ ಅವರ ವಿರುದ್ಧ ಬೀದಿ ಬೀದಿ ತಿರುಗಿದ್ದ ಜನ ಇಂದು ಅವರಿಗೇ ಮತ ಕೇಳಬೇಕಾಯಿತು. ಮತದಾರರು ಪಕ್ಷೇತರನಾಗಿ ನಿಂತ ಶರತ್ತರನ್ನು ಗೆಲ್ಲಿಸಿದರು. ಆ ಡಿಸೆಂಬರಿನ ಉಪಚುನಾವಣೆಗಳಲ್ಲಿ ಭಾಜಪದಿಂದ ನಿಂತ ಹದಿಮೂರು ಪಕ್ಷಾಂತರಿಗಳಲ್ಲಿ ಹನ್ನೊಂದು ಮಂದಿ ಗೆದ್ದರೆಂಬುದನ್ನೂ ಮರೆಯುವಂತಿಲ್ಲ. ಎಲ್ಲ ಊರುಗಳ ಸೈರಣೆಯ ಅಳತೆ ಒಂದೇ ಅಲ್ಲ.

ಲೆಕ್ಕದ ಮನುಷ್ಯನಾದ ನನಗೆ ಇಲ್ಲಿ ಕಾಣುವ ದೋಷವೆಂದರೆ ಖಾತೆ ಒಂದೇ ಕಡೆಗೆ ಬರೆಯಲ್ಪಟ್ಟಿರುವುದು. 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿ ಬಂತು. 2003ರ 91ನೆಯ ತಿದ್ದುಪಡಿ ಮೂರನೆಯ ಒಂದು ಭಾಗದ ಒಡಕಿಗಿದ್ದ ರಿಯಾಯಿತಿಯನ್ನು ತೆಗೆಯಿತು. ಎರಡೂ ಶಾಸಕನನ್ನು ಪಕ್ಷಕ್ಕೆ ಕಟ್ಟುತ್ತವೆ. ಪಕ್ಷವನ್ನು ಅದರ ಮತದಾರನಿಗೆ ಕಟ್ಟುವ ಹಗ್ಗ ಯಾವ ಅನುಸೂಚಿಯಲ್ಲಿಯೂ ಇಲ್ಲ. ಕಸಬೆಯ ಮತದಾನಕ್ಕೆ ಒಂಬತ್ತು ದಿನ ಮುಂಚೆ, 2023ರ ಫೆಬ್ರುವರಿ 17ರಂದು, ಚುನಾವಣಾ ಆಯೋಗ ಶಿವಸೇನೆಯ ಹೆಸರನ್ನೂ ಬಿಲ್ಲುಬಾಣದ ಗುರುತನ್ನೂ ಏಕನಾಥ ಶಿಂದೆಯವರ ಬಣಕ್ಕೆ ಕೊಟ್ಟಿತು. ಆ ಆದೇಶದಲ್ಲಿ ಒಂದು ಗಣಿತವಿದೆ. 2019ರಲ್ಲಿ ಗೆದ್ದ 55 ಶಿವಸೇನಾ ಶಾಸಕರಿಗೆ ಬಿದ್ದ ಒಟ್ಟು ಮತಗಳಲ್ಲಿ ನೂರಕ್ಕೆ ಸುಮಾರು 76ರಷ್ಟು ಶಿಂದೆಯವರೊಡನೆ ಹೋದ 40 ಶಾಸಕರವು ಎಂದು ಆಯೋಗ ಎಣಿಸಿತು. ಮತಗಳನ್ನು ಎಣಿಸಿದರು, ಆ ಮತಗಳನ್ನು ಹಾಕಿದವರು ಈಗ ಎತ್ತ ಇದ್ದಾರೆಂದು ಕೇಳುವ ಮಾರ್ಗ ಆಯೋಗಕ್ಕೂ ಇರಲಿಲ್ಲ. ಮರುವರ್ಷದ ಫೆಬ್ರುವರಿ 6ರಂದು ರಾಷ್ಟ್ರವಾದಿ ಕಾಂಗ್ರೆಸ್ಸಿನ ಗಡಿಯಾರ ಅಜಿತ್ ಪವಾರರ ಬಣಕ್ಕೆ ಹೋಯಿತು. ಯಾವ ಬಣ ಸರಿ ಎಂಬ ಚರ್ಚೆ ಇಲ್ಲಿ ಬೇಡ. ಬೆಳಗಾಗುವುದರಲ್ಲಿ ತನ್ನ ಗುರುತು ಬೇರೆಯವರ ಕೈಯಲ್ಲಿದೆ ಎಂದು ಪತ್ರಿಕೆಯಲ್ಲಿ ಓದಿಕೊಂಡ ಬಾರಾಮತಿಯ ರೈತನ ಬಗ್ಗೆ ಮಾತ್ರ ಯೋಚಿಸುತ್ತಿದ್ದೇನೆ.

ಹಾಗಾದರೆ ಮುನಿದವನು ಮಾಡುವುದೇನು? ರಾಯರ ಮೊದಲ ಉತ್ತರ, ಮನೆಯಲ್ಲಿ ಕೂಡುವುದು. ಇದನ್ನು ನಾನು ಅವರೊಡನೆ ಎರಡು ಸಂಜೆ ವಾದಿಸಿದೆ, ಯಾರಿಗೆ ಹಾಕಿರೆಂದು ಹೇಳದೆಯೇ. ಲೆಕ್ಕಪರಿಶೋಧನೆಯಲ್ಲಿ ನಾವು ಹೊಸಬರಿಗೆ ಕಲಿಸುವ ಮೊದಲ ಪಾಠ, ಕಡತದಲ್ಲಿ ಬರೆಯದ ಆಕ್ಷೇಪ ಆಕ್ಷೇಪವೇ ಅಲ್ಲ ಎಂಬುದು. ಮನಸ್ಸಿನಲ್ಲಿ ನೀವು ಎಷ್ಟೇ ಸಿಟ್ಟಾಗಿದ್ದರೂ ಬಿಲ್ಲು ಪಾಸಾಗಿಹೋಗುತ್ತದೆ. ಮತಗಟ್ಟೆಗೆ ಬಾರದವರ ಪಟ್ಟಿಯಲ್ಲಿ ಊರಿಗೆ ಹೋದವರು, ಸತ್ತವರು, ಸೋಮಾರಿಗಳು, ರಾಯರು ಎಲ್ಲರೂ ಒಂದೇ ಸಾಲಿನಲ್ಲಿರುತ್ತಾರೆ. ಅವರಲ್ಲಿ ಮುನಿದವರೆಷ್ಟು ಎಂದು ಪಕ್ಷಕ್ಕೆ ತಿಳಿಯುವುದು ಹೇಗೆ?

2024ರ ಲೋಕಸಭಾ ಚುನಾವಣೆಯಲ್ಲಿ ಸೂಕ್ಷ್ಮ ವೀಕ್ಷಕನಾಗಿ ನನ್ನನ್ನು ಒಂದು ಮತಗಟ್ಟೆಗೆ ನೇಮಿಸಿದ್ದರು. ಊರು ಹೇಳುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದು, ವಹಿಯಲ್ಲಿ ಸಹಿ ಮಾಡಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಯಂತ್ರದ ಕಡೆಗೆ ಹೋಗದೆ ನಿಂತುಬಿಟ್ಟರು. ಮತ ಹಾಕುವುದಿಲ್ಲ ಎಂದರು. 'ನೋಟಾ' ಗುಂಡಿಯಿದೆಯಲ್ಲ ತಾಯಿ ಎಂದು ಮತಗಟ್ಟೆಯ ಅಧಿಕಾರಿ ಮೆಲ್ಲಗೆ ಹೇಳಿದರೆ ಅದೂ ಬೇಡವೆಂದರು. ಅಧಿಕಾರಿ ಗಾಬರಿಯಿಂದ ಕೈಪಿಡಿ ತಿರುವಿ, 49-ಓ ನಿಯಮವನ್ನು ಹುಡುಕಿ, ವಹಿಯಲ್ಲಿ 'ಮತ ಹಾಕಲು ನಿರಾಕರಿಸಿದರು' ಎಂದು ಬರೆದು ಮತ್ತೊಮ್ಮೆ ಸಹಿ ಪಡೆದರು. ಕಾರಣವನ್ನು ಯಾರೂ ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಒಂದು ಮತ ಹಾಕದಿರಲು ಆಕೆ ಬಿಸಿಲಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಿದ್ದರು. ನನ್ನ ವರದಿಯಲ್ಲಿ ಅದು ಒಂದು ಅಂಕಿಯಾಗಿ ಹೋಯಿತು.

ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪಿನಿಂದ ಬಂದ 'ನೋಟಾ' ಆಕ್ಷೇಪವನ್ನು ದಾಖಲಿಸುತ್ತದೆ, ಆದರೆ ಉತ್ತರ ಪಡೆಯುವ ಬಲ ಅದಕ್ಕಿಲ್ಲ. 2024ರಲ್ಲಿ ಇಂದೂರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿಯೇ ನಾಮಪತ್ರ ಹಿಂತೆಗೆದುಕೊಂಡು ಎದುರು ಪಾಳೆಯ ಸೇರಿದಾಗ, ಅಲ್ಲಿನ 2,18,674 ಮಂದಿ ನೋಟಾ ಒತ್ತಿದರು. ಅಷ್ಟು ಜನರ ಮುನಿಸೂ ಫಲಿತಾಂಶವನ್ನು ಕೂದಲೆಳೆಯಷ್ಟೂ ಅಲುಗಿಸಲಿಲ್ಲ. ಮಹಾರಾಷ್ಟ್ರದ ರಾಜ್ಯ ಚುನಾವಣಾ ಆಯೋಗ 2018ರಲ್ಲಿಯೇ, ಸ್ಥಳೀಯ ಸಂಸ್ಥೆಗಳಲ್ಲಿ ನೋಟಾಕ್ಕೆ ಅತಿ ಹೆಚ್ಚು ಮತ ಬಂದರೆ ಮರುಚುನಾವಣೆ ನಡೆಸಬೇಕೆಂದು ಆದೇಶಿಸಿತ್ತು. ಶಾಸನಸಭೆಗಳಿಗೂ ಇದು ಅನ್ವಯಿಸಬೇಕೆಂಬುದು ನನ್ನ ವೈಯಕ್ತಿಕ ಅಭಿಪ್ರಾಯ.

ಎದುರು ಪಕ್ಷಕ್ಕೆ ಒತ್ತಿದ ಮತಕ್ಕೆ ಮಾತ್ರ ಉತ್ತರ ಬರುತ್ತದೆ. 1984ರ ಡಿಸೆಂಬರಿನಲ್ಲಿ ಕರ್ನಾಟಕದ ಮತದಾರರು ಲೋಕಸಭೆಯ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟರು. ರಾಮಕೃಷ್ಣ ಹೆಗಡೆಯವರು ಅದನ್ನು ತಮ್ಮ ಮೇಲಿನ ಆಕ್ಷೇಪವೆಂದು ಓದಿ ರಾಜೀನಾಮೆಯಿತ್ತು ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಅವರ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಕಸಬೆಯ ಆಕ್ಷೇಪಕ್ಕೂ ಉತ್ತರ ಬಂತೆಂದೇ ನನ್ನ ಊಹೆ: 2019ರಲ್ಲಿ ಕೋಥರೂಡಿನ ಟಿಕೆಟು ತಪ್ಪಿದ್ದ ಮೇಧಾ ಕುಲಕರ್ಣಿಯವರನ್ನು 2024ರ ಫೆಬ್ರುವರಿಯಲ್ಲಿ ರಾಜ್ಯಸಭೆಗೆ ಆರಿಸಿದರು. ಆ ನವೆಂಬರಿನಲ್ಲಿ ಅದೇ ರಾಸನೆಯವರು ಕಸಬೆಯಲ್ಲಿ ಗೆದ್ದರು. 1990ರ ಆಕ್ಷೇಪಕ್ಕಾದರೋ ಕಲಬುರ್ಗಿ ಸೀಮೆಯಲ್ಲಿ ಯಾರೂ ಸರಿಯಾದ ಉತ್ತರ ಬರೆಯಲಿಲ್ಲ. ಮೂವತ್ತಮೂರು ವರ್ಷಗಳ ನಂತರ, 2023ರ ಚುನಾವಣೆಯಲ್ಲಿಯೂ ಪಾಟೀಲರ ಹಾಸಿಗೆಯ ಪ್ರಸಂಗ ಭಾಷಣಗಳಲ್ಲಿ ಮತ್ತೆ ಎದ್ದುಬಂತು.

ಹೊರನಾಡಿನಲ್ಲಿರುವ ನಮ್ಮದು ಇನ್ನೊಂದು ಬಗೆಯ ರೋಗ. ಸಂಘದ ಅಂಗಳದಲ್ಲಿ ನಾವು ಬೆಂಗಳೂರಿನ ಪಕ್ಷಗಳ ಮೇಲೆ ಮುನಿಯುತ್ತೇವೆ, ಅಲ್ಲಿ ನಮಗೆ ಮತವಿಲ್ಲ. ಪುಣೆಯಲ್ಲಿ ಮತವಿದೆ, ಇಲ್ಲಿ ಮುನಿಯುವಷ್ಟು ಸಲಿಗೆಯನ್ನು ನಾವು ಬೆಳೆಸಿಕೊಂಡಿಲ್ಲ. ಬಾಪಟರು 2023ರ ಮಾರ್ಚ್ 29ರಂದು ತೀರಿಕೊಂಡ ಮೇಲೆ ಪುಣೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸಂಸದರೇ ಇರಲಿಲ್ಲ. ಉಪಚುನಾವಣೆ ನಡೆಸಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ ಹೇಳಿದರೂ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿದ್ದರಿಂದ ನಡೆಯಲಿಲ್ಲ. ಮಹಾನಗರಪಾಲಿಕೆ 2022ರ ಮಾರ್ಚಿನಿಂದ ಮೂರು ವರ್ಷಕ್ಕೂ ಮೀರಿ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಈ ಎರಡರ ಬಗ್ಗೆಯೂ ನಮ್ಮ ಸಂಘದ ಸಭೆಯಲ್ಲಿ ಒಂದು ಮಾತು ಬಂದದ್ದು ನನಗೆ ನೆನಪಿಲ್ಲ. ನಾನೂ ಎತ್ತಲಿಲ್ಲ. ಜತ್ತ ತಾಲೂಕಿನ ನಮ್ಮ ಬಂಧುಗಳು ನಮಗಿಂತ ಮೇಲು. ನೀರಿಗಾಗಿ ಕಾದು ಬೇಸತ್ತ ಅಲ್ಲಿನ ಊರುಗಳು 2012ರಲ್ಲಿ ಕರ್ನಾಟಕಕ್ಕೆ ಸೇರುವ ಠರಾವನ್ನೇ ಮಾಡಿದ್ದವು; 2022ರಲ್ಲಿ ಆ ಮಾತು ಮತ್ತೆ ಎದ್ದಾಗ ಮುಂಬಯಿಗೆ ಮ್ಹೈಸಾಳ ಯೋಜನೆಯ ವಿಸ್ತರಣೆ ಥಟ್ಟನೆ ನೆನಪಾಯಿತು. ಗಡಿಯ ಆಚೆ ಬೆಳಗಾವಿಯಲ್ಲಿಯೂ ಮರಾಠಿ ಮತದಾರ ಮಹಾರಾಷ್ಟ್ರ ಏಕೀಕರಣ ಸಮಿತಿಯ ಬಣಜಗಳಕ್ಕೆ ಬೇಸತ್ತು, 2013ರಲ್ಲಿ ಅದಕ್ಕಿದ್ದ ಎರಡು ಸ್ಥಾನಗಳನ್ನು 2018ರಲ್ಲಿ ಸೊನ್ನೆಗೆ ಇಳಿಸಿದ. ಅವನ ಭಾಷಾಭಿಮಾನ ಕಡಿಮೆಯಾಗಿತ್ತೆಂದು ನಾವು ಇಲ್ಲಿ ಕುಳಿತು ಸಂತೋಷಪಟ್ಟದ್ದು ನಮ್ಮ ಸಣ್ಣತನ. ಅವನೂ ರಾಯರಂತೆಯೇ ಮುನಿದಿದ್ದ.

ರಾಯರು 2023ರ ಫೆಬ್ರುವರಿ 26ರಂದು ಕೊನೆಗೂ ಮತಗಟ್ಟೆಗೆ ಹೋದರು. ಯಾರಿಗೆ ಹಾಕಿದರೆಂದು ಕೇಳದೆಯೇ ಹೇಳಿದರು, ನಾನು ಬರೆಯುವುದಿಲ್ಲ. 2025ರ ಮಾರ್ಚಿನಲ್ಲಿ ಧಂಗೇಕರರು ಕಾಂಗ್ರೆಸ್ಸು ಬಿಟ್ಟು ಶಿಂದೆಯವರ ಶಿವಸೇನೆ ಸೇರಿದ ಸುದ್ದಿ ಬಂದ ದಿನ ಫೋನು ಮಾಡಿ ಬಹಳ ಹೊತ್ತು ನಕ್ಕರು. ಈಗ ವಾಡೆ ಬಿಟ್ಟು ಬಾಣೇರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮೊನ್ನೆ ಸಂಘಕ್ಕೆ ಬಂದವರು ಚೀಲದಿಂದ ವಿಳಾಸ ಬದಲಾವಣೆಯ 8ನೆಯ ನಮೂನೆಯನ್ನು ತೆಗೆದು ನನ್ನ ಮುಂದಿಟ್ಟರು. ಹಳೆಯ ಪಟ್ಟಿಯಲ್ಲಿ ತಮ್ಮ ತಂದೆಯ ಹೆಸರು ಮೂವತ್ತು ವರ್ಷದಿಂದ ತಪ್ಪಾಗಿ ಅಚ್ಚಾಗಿದೆ, ಅದನ್ನೂ 8ನೆಯ ನಮೂನೆಯಿಂದಲೇ ತಿದ್ದಿಸಬಹುದೇ ಎಂದು ಕೇಳಿದರು. ಬಹುದು ಎಂದೆ. ಇಬ್ಬರೂ ಕುಳಿತು ತುಂಬಿದೆವು.